ಓದುಗರ ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸಮೀಪದಲ್ಲಿ ನೆಲೆಸಿದ್ದಾಳೆ. ನಾನೂ ನನ್ನ ಪತ್ನಿಯೂ ಮೊದಲ ಬಾರಿಗೆ ಅಲ್ಲಿಗೆ ಹೊರಟಿದ್ದೇವೆ. ಬೆಂಗಳೂರಿನಿಂದ ಅಲ್ಲಿಗೆ ಎಷ್ಟು ದೂರವೆಂದು ವಿಚಾರಿಸಿದರೆ ಒಬ್ಬರು 14,000 ಎನ್ನುತ್ತಾರೆ, ಇನ್ನೊಬ್ಬರು 8,700 ಎನ್ನುತ್ತಾರೆ. ಮತ್ತೊಂದು ಕಡೆ 7,550 ಎಂದು ಓದಿದೆ. ಹಿಂದೊಮ್ಮೆ ನೇರ ವಿಮಾನದಲ್ಲಿ ಹೋಗಿಬಂದ ನೆರೆಮನೆಯವರ ಟಿಕೆಟ್ಟಿನಲ್ಲಿ ಮಧ್ಯಾಹ್ನ ಹೊರಟು ಅದೇ ದಿನ ಸಂಜೆ ತಲುಪುವಂತೆ ನಮೂದಾಗಿದೆ. ಬರುವಾಗ ಮಾತ್ರ ರಾತ್ರಿ ಹೊರಟು, ನಡುವೆ ಒಂದು ತಾರೀಖು ಬಿಟ್ಟು, ಮೂರನೆಯ ದಿನ ನಸುಕಿನಲ್ಲಿ ಇಳಿದಿದ್ದಾರೆ. ಯಾವುದನ್ನು ನಂಬುವುದು?
— ಹಾಸನದ ಓದುಗರು

ಉತ್ತರ: ನಿಮಗೆ ಸಿಕ್ಕ ಮೂರು ಸಂಖ್ಯೆಗಳೂ ಸರಿಯಾದವೇ. ಮೊದಲನೆಯದು ಕಿಲೋಮೀಟರಿನಲ್ಲಿ, ಎರಡನೆಯದು ಮೈಲಿಯಲ್ಲಿ, ಮೂರನೆಯದು ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ ಇದೆ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ದೂರ ಹೇಳುವವರು ಅಳತೆಯ ಹೆಸರನ್ನು ಬಿಟ್ಟು ಬರಿಯ ಅಂಕಿಯನ್ನಷ್ಟೇ ಹೇಳುವುದರಿಂದ ಇಂತಹ ಗೊಂದಲ ಹುಟ್ಟುತ್ತದೆ. ಭೂಮಿಯ ಮೇಲ್ಮೈಯಲ್ಲಿ ಈ ಎರಡು ವಿಮಾನ ನಿಲ್ದಾಣಗಳ ನಡುವಿನ ಅತಿ ಹತ್ತಿರದ ಅಂತರ ಸುಮಾರು 13,990 ಕಿಲೋಮೀಟರ್. ಭೂಮಿಯ ಮೇಲೆ ಯಾವ ಎರಡು ಊರುಗಳೂ ಸುಮಾರು 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲಾರವು, ಏಕೆಂದರೆ ಭೂಮಿಯ ಅರ್ಧ ಸುತ್ತಳತೆಯೇ ಅಷ್ಟು. ಹಾಗಾಗಿ ನಿಮ್ಮ ಮಗಳು ಇರುವ ಊರು ಅಂತರದ ಆ ಪರಮಾವಧಿಯ ಹತ್ತರಲ್ಲಿ ಏಳು ಪಾಲಿನಷ್ಟು ದೂರದಲ್ಲಿದೆ.

ಇನ್ನು ಸಮಯದ ವಿಚಾರ. ಟಿಕೆಟ್ಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಂತೆಯೂ ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಂತೆಯೂ ಮುದ್ರಿಸುತ್ತಾರೆ. ಎರಡನ್ನೂ ಒಂದೇ ಗಡಿಯಾರವೆಂದು ಭಾವಿಸಿ ಕಳೆದರೆ ಉತ್ತರ ತಪ್ಪಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ಚಳಿಗಾಲದಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ, ಅಲ್ಲಿಂದ ನವೆಂಬರ್ ತಿಂಗಳ ಮೊದಲನೆಯ ಭಾನುವಾರದವರೆಗೆ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಚಳಿಗಾಲದ ಒಂದು ಮಧ್ಯಾಹ್ನ 2 ಗಂಟೆಗೆ ಬೆಂಗಳೂರು ಬಿಟ್ಟ ವಿಮಾನ 16 ಗಂಟೆ ಹಾರಿತು ಎಂದಿಟ್ಟುಕೊಳ್ಳಿ. ನಮ್ಮ ಗಡಿಯಾರದಲ್ಲಿ ಆಗ ಮರುದಿನ ಬೆಳಿಗ್ಗೆ 6 ಗಂಟೆ. ಅದರಿಂದ ಹದಿಮೂರೂವರೆ ಗಂಟೆ ಕಳೆದರೆ ಹೊರಟ ದಿನದ್ದೇ ಸಂಜೆ ನಾಲ್ಕೂವರೆ. ಟಿಕೆಟ್ಟಿನಲ್ಲಿ ಎರಡೂವರೆ ಗಂಟೆಯ ಪ್ರಯಾಣದಂತೆ ಕಂಡದ್ದು ನಿಜವಾಗಿ 16 ಗಂಟೆಯದು.

ಮರಳುವಾಗ ಇದೇ ಲೆಕ್ಕ ತಿರುಗಿ ನಿಲ್ಲುತ್ತದೆ. ಏರ್ ಇಂಡಿಯಾದ ಮೊದಲ ನೇರ ವಿಮಾನವು ಸ್ಯಾನ್ ಫ್ರಾನ್ಸಿಸ್ಕೊವನ್ನು 2021ರ ಜನವರಿ 9ರ ರಾತ್ರಿ ಬಿಟ್ಟು, ಹದಿನೇಳು ಗಂಟೆಗೂ ಮೀರಿ ಹಾರಿ, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಯಿತು. ಹಾರಿದ ಗಂಟೆಗಳಿಗೆ ಹದಿಮೂರೂವರೆ ಗಂಟೆಯ ಅಂತರವೂ ಸೇರಿದ್ದರಿಂದ ಪ್ರಯಾಣಿಕರ ಪಾಲಿಗೆ ಜನವರಿ 10 ಬಹುಮಟ್ಟಿಗೆ ವಿಮಾನದೊಳಗೇ ಕಳೆದುಹೋಯಿತು. ಒಟ್ಟಿನಲ್ಲಿ ನೇರ ಹಾರಾಟವಾದರೆ ಹೋಗುವಾಗ ಸುಮಾರು 16 ಗಂಟೆ, ಬರುವಾಗ 17 ಗಂಟೆಗೂ ಹೆಚ್ಚು ಎಂದು ಇಟ್ಟುಕೊಳ್ಳಬಹುದು. ನೇರ ಸೇವೆ ಇದೆಯೇ, ಯಾವ ದಿನಗಳಲ್ಲಿದೆ ಎಂಬುದು ಕಾಲಕಾಲಕ್ಕೆ ಬದಲಾಗುವುದರಿಂದ ಅದನ್ನು ಟಿಕೆಟ್ ಕಾಯ್ದಿರಿಸುವಾಗಲೇ ನೋಡಿಕೊಳ್ಳಬೇಕು.

ನಡುವೆ ಒಂದು ಕಡೆ ಇಳಿದು ಹೋಗುವುದಾದರೆ ದೂರ ಬೆಳೆಯುತ್ತದೆ. ದುಬೈ ಮೂಲಕ ಹೋದರೆ ಮೊದಲು 2,700, ಅಲ್ಲಿಂದ ಮುಂದೆ 13,000, ಒಟ್ಟು ಸುಮಾರು 15,700 ಕಿಲೋಮೀಟರ್. ಸಿಂಗಪುರದ ಮೂಲಕವಾದರೆ ಸುಮಾರು 16,750. ದುಬೈ ದಾರಿಯಲ್ಲಿ ಆಕಾಶದಲ್ಲಿ ಕಳೆಯುವ ಹೊತ್ತೇ 20 ಗಂಟೆಯಷ್ಟಾಗುತ್ತದೆ, ನಡುವೆ ಕಾಯುವ ಹೊತ್ತು ಬೇರೆ. ಆದರೂ ಮೊದಲ ಬಾರಿ ಹೊರಡುವ ಹಿರಿಯರಿಗೆ ಹದಿನಾರು ಗಂಟೆ ಒಂದೇ ಕುರ್ಚಿಯಲ್ಲಿ ಕೂರುವುದಕ್ಕಿಂತ ನಡುವೆ ಎರಡು ಮೂರು ಗಂಟೆ ಎದ್ದು ಓಡಾಡುವ ದಾರಿಯೇ ಹಿತವೆನಿಸಬಹುದು. ಇದು ನಿಮ್ಮ ಆರೋಗ್ಯವನ್ನೂ, ದೊಡ್ಡ ನಿಲ್ದಾಣದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ನಡೆದು ಹೋಗುವ ಶಕ್ತಿಯನ್ನೂ ನೋಡಿ ನೀವೇ ನಿರ್ಧರಿಸಬೇಕಾದ ಮಾತು. ಒಂದು ಕೋರಿಕೆ: ಹೊತ್ತಿಗೆ ಸರಿಯಾಗಿ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನೀವಾಗಿದ್ದರೆ, ಟಿಕೆಟ್ಟಿನ ಗಡಿಯಾರದ ವೇಳೆಯನ್ನಲ್ಲ, ಮನೆ ಬಿಟ್ಟಾಗಿನಿಂದ ಮಗಳ ಮನೆ ಸೇರುವವರೆಗಿನ ನಿಜವಾದ ಗಂಟೆಗಳ ಲೆಕ್ಕವನ್ನು ಬರೆದುಕೊಂಡು ಹೋಗಿ ನಿಮ್ಮ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತರಗತಿಯ ಗೋಡೆಯ ನಕ್ಷೆಯಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಪಶ್ಚಿಮದ ಕಡೆಗೆ ಗೆರೆ ಎಳೆದರೆ ಅದು ಅರಬ್ಬೀ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ಸಾಗರಗಳನ್ನು ದಾಟುತ್ತದೆ. ವಿಮಾನ ಉತ್ತರ ಧ್ರುವದ ಮೇಲೆ ಹೋಯಿತೆಂದು ಪತ್ರಿಕೆಗಳಲ್ಲಿ ಓದಿದ ಮಕ್ಕಳು, ಅಷ್ಟು ಮೇಲಕ್ಕೆ ಹೋಗಿ ಕೆಳಗಿಳಿದರೆ ದೂರ ಹೆಚ್ಚುವುದಿಲ್ಲವೇ ಎಂದು ಕೇಳಿದರು. ಹೇಗೆ ವಿವರಿಸಲಿ?
— ಬಳ್ಳಾರಿಯ ಓದುಗರು

ಉತ್ತರ: ಶಾಲೆಯಲ್ಲಿ ಗ್ಲೋಬ್ ಇದ್ದರೆ ವಿವರಣೆಯ ಅಗತ್ಯವೇ ಬೀಳದು. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊದ ಮೇಲಿಟ್ಟು ಬಿಗಿಯಾಗಿ ಎಳೆಯಲು ಮಕ್ಕಳಿಗೇ ಹೇಳಿ. ದಾರ ಆಫ್ರಿಕದ ಕಡೆಗೆ ಹೋಗುವುದೇ ಇಲ್ಲ. ಅದು ಬೆಂಗಳೂರಿನಿಂದ ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ, ಹೈದರಾಬಾದಿನ ಪೂರ್ವಕ್ಕೆ ಹಾಯ್ದು, ಉತ್ತರ ಪ್ರದೇಶದ ಗೋರಖಪುರದ ಆಸುಪಾಸಿನಲ್ಲಿ ಗಡಿ ದಾಟಿ, ನೇಪಾಳದಲ್ಲಿ ಪೋಖರಾದ ಸಮೀಪ ಹಿಮಾಲಯವನ್ನು ಹತ್ತುತ್ತದೆ. ಮುಂದೆ ಟಿಬೆಟ್, ಚೀನಾದ ಷಿನ್‌ಜಿಯಾಂಗ್, ಮಂಗೋಲಿಯಾ, ಸೈಬೀರಿಯಾ. ಅಲ್ಲಿಂದ ಉತ್ತರ ಧ್ರುವ ವೃತ್ತವನ್ನೂ ದಾಟಿ ಸುಮಾರು 71 ಡಿಗ್ರಿ ಅಕ್ಷಾಂಶ ಮುಟ್ಟಿ, ಅಲಾಸ್ಕದ ಮೇಲೆ ಕೆಳಗಿಳಿದು, ಕೆನಡಾದ ಪಶ್ಚಿಮ ಕರಾವಳಿಯಾಚೆಯ ಸಾಗರದ ಮೇಲೆ ಹಾಯ್ದು ಸ್ಯಾನ್ ಫ್ರಾನ್ಸಿಸ್ಕೊ ಸೇರುತ್ತದೆ. ಗೋಳದ ಮೇಲೆ ಎರಡು ಬಿಂದುಗಳನ್ನು ಸೇರಿಸುವ ಇಂತಹ ಅತಿ ಹತ್ತಿರದ ದಾರಿ ಯಾವಾಗಲೂ ಭೂಮಿಯ ಕೇಂದ್ರದ ಸುತ್ತ ಎಳೆದ ಒಂದು ಮಹಾವೃತ್ತದ ತುಂಡಾಗಿರುತ್ತದೆ. ಗೋಡೆಯ ನಕ್ಷೆ ಗೋಳವನ್ನು ಬಿಚ್ಚಿ ಚಪ್ಪಟೆ ಮಾಡಿದ್ದು. ಅದರಲ್ಲಿ ಧ್ರುವದ ಹತ್ತಿರದ ಪ್ರದೇಶಗಳು ಹಿಗ್ಗಿ ಕಾಣುವುದರಿಂದ ನಿಜವಾದ ನೇರ ದಾರಿ ಬಾಗಿದಂತೆಯೂ, ಸುತ್ತಿನ ದಾರಿ ನೇರವಾದಂತೆಯೂ ತೋರುತ್ತದೆ.

ನಿಮ್ಮ ಮಕ್ಕಳ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮ ಅಡಗಿದೆ. ಈ ಎರಡು ಊರುಗಳ ನಡುವಿನ ಅತಿ ಹತ್ತಿರದ ಗೆರೆ ಸರಿಯಾಗಿ ಧ್ರುವದ ಮೇಲೆ ಹೋಗುವುದಿಲ್ಲ. 71 ಡಿಗ್ರಿಯಿಂದ ಧ್ರುವದ 90 ಡಿಗ್ರಿಗೆ ಇನ್ನೂ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಹಾಗಿದ್ದರೂ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ, ಪೈಲಟ್‌ಗಳೆಲ್ಲರೂ ಮಹಿಳೆಯರೇ ಆಗಿದ್ದ ಆ 2021ರ ಮೊದಲ ಹಾರಾಟ ಉತ್ತರ ಧ್ರುವದ ಮೇಲಿನ ದಾರಿಯನ್ನೇ ಹಿಡಿಯಿತು. ಇಂತಹ ಆಯ್ಕೆಗೆ ಎರಡು ಕಾರಣಗಳಿರುತ್ತವೆ: ಒಂದು ಗಾಳಿ, ಇನ್ನೊಂದು ನೆಲ. ಗಾಳಿಯ ಮಾತನ್ನು ಮುಂದಿನ ಪ್ರಶ್ನೆಗೆ ಬಿಡುತ್ತೇನೆ. ನೆಲದ ಮಾತೆಂದರೆ ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ಕೂಡಲೇ 10,000 ಅಡಿಗೆ, ಅಂದರೆ ಸುಮಾರು ಮೂರು ಕಿಲೋಮೀಟರ್ ಎತ್ತರಕ್ಕೆ ಇಳಿಯಬೇಕು. ಪ್ರಯಾಣಿಕರ ಮುಖವಾಡಗಳಿಗೆ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷ ಮಾತ್ರ. ಟಿಬೆಟ್ಟಿನ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿರುವಾಗ ಇಳಿಯುವುದಾದರೂ ಎಲ್ಲಿಗೆ? ಆದ್ದರಿಂದಲೇ ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ.

ಧ್ರುವದ ದಾರಿಗೂ ಅದರದೇ ಎಚ್ಚರಗಳಿವೆ. ವಿಮಾನಗಳು ಹೆಚ್ಚಾಗಿ ಬಳಸುವ ಜೆಟ್ ಎ-1 ಇಂಧನ ಸೊನ್ನೆಗಿಂತ 47 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಧ್ರುವದ ಮೇಲಿನ ಆಕಾಶದಲ್ಲಿ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದಾದ್ದರಿಂದ ಟ್ಯಾಂಕಿನ ಉಷ್ಣತೆಯನ್ನು ದಾರಿಯುದ್ದಕ್ಕೂ ಗಮನಿಸುತ್ತಾರೆ, ಬೇಕಾದರೆ ಎತ್ತರ ತಗ್ಗಿಸಿ ಬೆಚ್ಚನೆಯ ಪದರಕ್ಕೆ ಇಳಿಯುತ್ತಾರೆ. ಮೊದಲ ಹಾರಾಟದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಟ್ಯಾಂಕುಗಳು ಒಟ್ಟು 1,81,000 ಲೀಟರಿಗೂ ಹೆಚ್ಚು ಇಂಧನ ಹಿಡಿಯುತ್ತವೆ ಎಂಬುದನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ: ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಹಾಗಾದರೆ ಪಶ್ಚಿಮಕ್ಕೆ ಹೋಗುವ ವಿಮಾನದ ಕಡೆಗೆ ಊರೇ ಬರುತ್ತಿರಬೇಕಲ್ಲವೇ? ಆ ಹಾರಾಟಕ್ಕೆ ಕಡಿಮೆ ಹೊತ್ತು ಹಿಡಿಯಬೇಕಿತ್ತು. ಆದರೆ ಅದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. ಇದೇಕೆ?
— ಧಾರವಾಡದ ವಿದ್ಯಾರ್ಥಿ

ಉತ್ತರ: ಬೆಂಗಳೂರು ಇರುವ ಅಕ್ಷಾಂಶದಲ್ಲಿ ನೆಲವು ಗಂಟೆಗೆ ಸುಮಾರು 1,625 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಆದರೆ ರನ್‌ವೇ ಮೇಲೆ ನಿಂತ ವಿಮಾನವೂ, ಅದರ ಸುತ್ತಲಿನ ಗಾಳಿಯೂ ಅದೇ ವೇಗದಲ್ಲಿ ಜೊತೆಗೇ ಸಾಗುತ್ತಿವೆ. ಓಡುವ ರೈಲಿನ ಬೋಗಿಯೊಳಗೆ ಮೇಲಕ್ಕೆಸೆದ ಚೆಂಡು ಹಿಂದಿನ ಬೋಗಿಗೆ ಹೋಗಿ ಬೀಳದೆ ನಿಮ್ಮ ಕೈಗೇ ಮರಳುವಂತೆ, ಮೇಲೇರಿದ ವಿಮಾನವೂ ಭೂಮಿಯ ಆ ಚಲನೆಯನ್ನು ಕಳೆದುಕೊಳ್ಳುವುದಿಲ್ಲ. ವಿಮಾನಕ್ಕೆ ಮುಖ್ಯವಾದುದು ಸುತ್ತಲಿನ ಗಾಳಿಗೆ ಹೋಲಿಸಿದ ತನ್ನ ವೇಗ ಮತ್ತು ಆ ಗಾಳಿ ನೆಲಕ್ಕೆ ಹೋಲಿಸಿದರೆ ಎತ್ತ ಸಾಗುತ್ತಿದೆ ಎಂಬುದು.

ನಿಮ್ಮ ಪ್ರಶ್ನೆಯನ್ನು ನಾನು ಅಷ್ಟಕ್ಕೇ ಬಿಡಲಾರೆ, ಏಕೆಂದರೆ ಭೂಮಿಯ ತಿರುಗುವಿಕೆಗೂ ಹಾರಾಟದ ಹೊತ್ತಿಗೂ ಪರೋಕ್ಷವಾದ ನಂಟೊಂದು ನಿಜವಾಗಿಯೂ ಇದೆ. ಸಮಭಾಜಕದ ಬಳಿ ಕಾದು ಮೇಲೇರಿದ ಗಾಳಿ ಧ್ರುವಗಳ ಕಡೆಗೆ ಹೊರಟಾಗ, ಭೂಮಿಯ ತಿರುಗುವಿಕೆಯ ಕಾರಣದಿಂದ ಪೂರ್ವಕ್ಕೆ ಬಾಗುತ್ತದೆ. ಹತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಅಂದರೆ ದೊಡ್ಡ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ರಭಸದ ಗಾಳಿಯ ಪಟ್ಟಿಗಳು ಹೀಗೆ ಮೂಡುತ್ತವೆ. ಇವನ್ನು ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಇವುಗಳ ವೇಗ ಗಂಟೆಗೆ ನೂರೈವತ್ತು ಇನ್ನೂರು ಕಿಲೋಮೀಟರ್ ಇರುವುದು ಸಾಮಾನ್ಯ. ಚಳಿಗಾಲದಲ್ಲಿ ಜಪಾನಿನ ಮೇಲೆ ಮುನ್ನೂರನ್ನೂ ದಾಟುತ್ತದೆ. ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಪ್ರಮುಖರು ಜಪಾನಿನ ಹವಾಮಾನ ವಿಜ್ಞಾನಿ ವಸಬುರೊ ಓಯಿಶಿ. 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಅವರು ಇದನ್ನು ಕಂಡುಕೊಂಡರು. ಜಗತ್ತೆಲ್ಲ ಓದಲಿ ಎಂಬ ಆಸೆಯಿಂದ ವರದಿಯನ್ನು ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ಹೊಸದಾಗಿ ರೂಪಿಸಿದ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಬಲ್ಲವರು ಕೆಲವರೇ ಆದ್ದರಿಂದ ಅದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1944ರ ಹೊತ್ತಿಗೆ, ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಇದೇ ಗಾಳಿಗೆ ಸಿಕ್ಕಿ ತತ್ತರಿಸಿದವು. ಇಂತಹ ಅರ್ಹ ಕೆಲಸವೊಂದು ಓದುಗರಿಲ್ಲದೆ ಅಷ್ಟು ವರ್ಷ ಉಳಿದುದನ್ನು ನೆನೆದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಹೋಗುವಾಗ ಗಾಳಿಯಿಂದ ಆದ ಲಾಭ ಬರುವಾಗಿನ ನಷ್ಟಕ್ಕೆ ಸರಿಹೊಂದುತ್ತದೆ ಎಂದು ಹಲವರು ತಿಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. 9,000 ಕಿಲೋಮೀಟರ್ ದೂರ, ವಿಮಾನದ ವೇಗ ಗಂಟೆಗೆ 900, ಗಾಳಿಯ ವೇಗ 100 ಎಂದಿಟ್ಟುಕೊಂಡರೆ, ಗಾಳಿಯೊಡನೆ ಹೋಗಲು 9 ಗಂಟೆ, ಗಾಳಿಗೆದುರಾಗಿ ಬರಲು ಹನ್ನೊಂದೂಕಾಲು ಗಂಟೆ, ಒಟ್ಟು ಇಪ್ಪತ್ತೂಕಾಲು ಗಂಟೆ. ಗಾಳಿಯೇ ಇಲ್ಲದಿದ್ದರೆ 20 ಗಂಟೆ ಸಾಕಿತ್ತು. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗಿ ಸಾಗುವುದರಿಂದ ಆ ಗಾಳಿಯಲ್ಲೇ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ; ನಷ್ಟ ಲಾಭಕ್ಕಿಂತ ದೊಡ್ಡದಾಗುವುದು ಅದಕ್ಕೇ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವಾಗ ಪೂರ್ವಕ್ಕೆ ತಿರುಗಿ ಶಾಂತಸಾಗರದ ಮೇಲೆ ಜೆಟ್ ಸ್ಟ್ರೀಮನ್ನು ಬೆನ್ನಿಗೆ ಪಡೆದರೆ ದಾರಿ ಉದ್ದವಾದರೂ ಹೊತ್ತು ಉಳಿಯುತ್ತದೆ. ಬರುವಾಗ ಅದೇ ದಾರಿ ಹಿಡಿದರೆ ಆ ಗಾಳಿ ಎದೆಗೆ ಬಡಿಯುತ್ತದೆ. ಅದನ್ನು ತಪ್ಪಿಸಲು ಧ್ರುವದ ಕಡೆಯ ದಾರಿ ಒದಗುತ್ತದೆ. ಪ್ರತಿದಿನದ ಗಾಳಿಯ ಮುನ್ಸೂಚನೆ ನೋಡಿ ಆ ದಿನದ ದಾರಿ ಗೊತ್ತುಮಾಡುವುದರಿಂದ ಒಂದೇ ಸಂಖ್ಯೆಯ ವಿಮಾನ ಇಂದು ಹೋದ ದಾರಿಯಲ್ಲಿ ನಾಳೆ ಹೋಗದಿರಬಹುದು.

ಪ್ರಶ್ನೆ: ಮಂಗಳೂರಿನಿಂದ ದುಬೈಗೆ ಹೋಗುವಾಗ ಎರಡು ಚಿಲ್ಲರೆ ಗಂಟೆ, ಬರುವಾಗ ಸುಮಾರು ಐದು ಗಂಟೆ ಎಂದು ಟಿಕೆಟ್ಟಿನ ವೇಳೆಯಿಂದ ಕಾಣುತ್ತದೆ. ಇದೂ ಗಾಳಿಯ ಪ್ರಭಾವವೇ?
— ಪುತ್ತೂರಿನ ಓದುಗರು

ಉತ್ತರ: ಅಲ್ಲ, ಇಲ್ಲಿ ಗಾಳಿಯ ಪಾತ್ರ ಅದಕ್ಕೆ ತದ್ವಿರುದ್ಧ. ಮಂಗಳೂರಿನಿಂದ ದುಬೈ ಸುಮಾರು 2,450 ಕಿಲೋಮೀಟರ್. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ, ಅಲ್ಲಿ ಬೇಸಿಗೆಯಲ್ಲಿ ಗಡಿಯಾರ ತಿರುಗಿಸುವ ಪದ್ಧತಿಯಿಲ್ಲ. ಹೋಗುವಾಗ ಕಂಡ ಹೊತ್ತಿಗೆ ಒಂದೂವರೆ ಗಂಟೆ ಕೂಡಿಸಿ, ಬರುವಾಗ ಕಂಡ ಹೊತ್ತಿನಿಂದ ಅಷ್ಟನ್ನೇ ಕಳೆಯಿರಿ. ಪಶ್ಚಿಮಕ್ಕೆ ಹೋಗುವ ಹಾರಾಟವೇ ಕೆಲವು ನಿಮಿಷ ಹೆಚ್ಚು ಹಿಡಿಯುತ್ತದೆಂದು ಆಗ ತಿಳಿಯುತ್ತದೆ.

ಪ್ರಶ್ನೆ: ಬೆಂಗಳೂರು–ದೆಹಲಿ ವಿಮಾನದಲ್ಲಿ ಪೈಲಟ್ ಎರಡೂಕಾಲು ಗಂಟೆಯ ಹಾರಾಟವೆಂದು ಘೋಷಿಸಿದರು, ವೇಳಾಪಟ್ಟಿಯಲ್ಲಿ ಎರಡು ಗಂಟೆ ಐವತ್ತು ನಿಮಿಷವಿತ್ತು. ಈ ಅಂತರ ಏಕೆ? ದೂರ ಗೊತ್ತಿದ್ದರೆ ಹೊತ್ತನ್ನು ನಾವೇ ಅಂದಾಜು ಮಾಡಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: ಪೈಲಟ್ ಹೇಳಿದ್ದು ಚಕ್ರಗಳು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗಿನ ಹೊತ್ತು. ವೇಳಾಪಟ್ಟಿಯಲ್ಲಿರುವುದು ವಿಮಾನ ತನ್ನ ನಿಲುಗಡೆಯ ಜಾಗ ಬಿಟ್ಟು ಹಿಂದಕ್ಕೆ ಸರಿದಾಗಿನಿಂದ, ಇನ್ನೊಂದು ಊರಿನಲ್ಲಿ ನಿಲುಗಡೆಯ ಜಾಗ ಸೇರುವವರೆಗಿನ ಹೊತ್ತು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗಿನ ಓಟ, ಸರದಿಯಲ್ಲಿ ಕಾಯುವುದು, ದೆಹಲಿಯಂತಹ ದಟ್ಟಣೆಯ ನಿಲ್ದಾಣದಲ್ಲಿ ಇಳಿಯುವ ಮುನ್ನ ಸುತ್ತು ಹಾಕುವುದು, ಇವೆಲ್ಲಕ್ಕೂ ಅದರಲ್ಲಿ ಅವಕಾಶವಿರುತ್ತದೆ. ಎಷ್ಟೋ ಸಲ ತಡವಾಗಿ ಹೊರಟ ವಿಮಾನವೂ ಸರಿಯಾದ ಹೊತ್ತಿಗೆ ತಲುಪುವುದು ಈ ಅವಕಾಶದಿಂದಲೇ.

ಬೆಂಗಳೂರು–ದೆಹಲಿ ನಡುವೆ ಆಕಾಶದಲ್ಲಿ ಸುಮಾರು 1,700 ಕಿಲೋಮೀಟರ್. ರೈಲು ದಾರಿಯಲ್ಲಿ ಸುಮಾರು 2,400. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಪಶ್ಚಿಮದ ಗಾಳಿ ವಿಮಾನದ ಪಕ್ಕೆಗೆ ಬೀಸುತ್ತದೆ. ಹೋಗುವ ಮತ್ತು ಬರುವ ಹೊತ್ತುಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಬೀಳುವುದಿಲ್ಲ. ಮುಂಬೈ–ಕೋಲ್ಕತ್ತದಂತಹ ಪಶ್ಚಿಮ–ಪೂರ್ವ ದಾರಿಯಲ್ಲಿ ಚಳಿಗಾಲದ ವ್ಯತ್ಯಾಸ ಎದ್ದು ಕಾಣುತ್ತದೆ. ಅಂದಾಜಿಗೆ ಒಂದು ಸುಲಭ ಲೆಕ್ಕವಿದೆ: ಕಿಲೋಮೀಟರನ್ನು 850ರಿಂದ ಭಾಗಿಸಿ, ಬಂದ ಗಂಟೆಗಳಿಗೆ ಅರ್ಧದಿಂದ ಮುಕ್ಕಾಲು ಗಂಟೆ ಕೂಡಿಸಿ. ದೆಹಲಿಗೆ ಎರಡೂಮುಕ್ಕಾಲು ಗಂಟೆ, ಮಂಗಳೂರಿನಿಂದ ದುಬೈಗೆ ಸುಮಾರು ಮೂರೂವರೆ, ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನೇಳು ಬರುತ್ತದೆ. ಮನೆಯಿಂದ ನಿಲ್ದಾಣಕ್ಕೆ ಹೋಗುವ ಹೊತ್ತನ್ನು ಮಾತ್ರ ಮರೆಯಬೇಡಿ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಹಳೆಯ ಎಚ್‌ಎಎಲ್ ಜಾಗದಿಂದ ದೇವನಹಳ್ಳಿಯ ಕಡೆಗೆ ಹೋದ ಮೇಲೆ, ಬೆಂಗಳೂರಿನ ದಕ್ಷಿಣದ ಬಡಾವಣೆಗಳವರಿಗೆ ರಸ್ತೆಯ ಹೊತ್ತು ಹಲವು ದಿನ ಹಾರಾಟದ ಹೊತ್ತಿಗೇ ಸಮನಾಗುತ್ತದೆ.

ಪ್ರಶ್ನೆ: ಊರುಗಳು ಅಲ್ಲೇ ಇವೆ, ವಿಮಾನಗಳೂ ಹಳೆಯವೇ. ಆದರೂ ಈಚಿನ ವರ್ಷಗಳಲ್ಲಿ ಕೆಲವು ಹಾರಾಟಗಳ ಹೊತ್ತು ಗಂಟೆಗಟ್ಟಲೆ ಹೆಚ್ಚಿದೆಯಂತೆ, ಹೌದೇ?
— ಮೈಸೂರಿನ ಓದುಗರು

ಉತ್ತರ: ಹೌದು. ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಹಕ್ಕಿದೆ; ಅದನ್ನು ಮುಚ್ಚಿದರೆ ವಿಮಾನ ಸುತ್ತಿಕೊಂಡು ಹೋಗಬೇಕು. 2022ರಲ್ಲಿ ಯುಕ್ರೇನ್ ಯುದ್ಧ ಆರಂಭವಾದ ಬಳಿಕ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಆ ದೇಶದ ಫಿನ್‌ಏರ್ ಸಂಸ್ಥೆಯ ವಿಮಾನ ಹಿಂದೆ ಒಂಬತ್ತು ಚಿಲ್ಲರೆ ಗಂಟೆಗಳಲ್ಲಿ ಹೋಗುತ್ತಿತ್ತು. ಅದಕ್ಕೀಗ ಸುಮಾರು ಹದಿಮೂರು ಗಂಟೆ ಹಿಡಿಯುತ್ತದೆ, ಉತ್ತರ ಧ್ರುವದ ಮೇಲಿನ ದಾರಿಯನ್ನೂ ಆ ಸಂಸ್ಥೆ ಬಳಸಬೇಕಾಯಿತು. ಎರಡು ನಗರಗಳ ನಡುವಿನ ಅಂತರ ಒಂದು ಕಿಲೋಮೀಟರೂ ಹೆಚ್ಚಿಲ್ಲ. ನಮ್ಮಲ್ಲಿ 2019ರ ಫೆಬ್ರವರಿಯಿಂದ ಜುಲೈವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಭಾರತೀಯ ಸಂಸ್ಥೆಗಳ ವಿಮಾನಗಳಿಗೆ ಅದು ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪು, ಅಮೆರಿಕಗಳಿಗೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಕಡೆಯಿಂದ ಸುತ್ತಬೇಕಾಯಿತು; ಅಮೆರಿಕದ ಕೆಲವು ಹಾರಾಟಗಳು ಇಂಧನ ತುಂಬಿಸಿಕೊಳ್ಳಲು ವಿಯೆನ್ನಾದಂತಹ ಕಡೆ ಇಳಿಯಬೇಕಾಯಿತು. ಅದೇ ದೆಹಲಿಯಿಂದ ಹೊರಟ ವಿದೇಶಿ ಸಂಸ್ಥೆಗಳ ವಿಮಾನಗಳಿಗೆ ಈ ನಿರ್ಬಂಧ ಇರಲಿಲ್ಲ. ಆದ್ದರಿಂದ ದೂರದ ಪ್ರಯಾಣಕ್ಕೆ ಟಿಕೆಟ್ ಕೊಳ್ಳುವಾಗ ಹಿಂದಿನ ವರ್ಷ ಹೋಗಿಬಂದವರ ಮಾತಿನ ಮೇಲೆ ಹೊತ್ತನ್ನು ಲೆಕ್ಕ ಹಾಕದೆ, ಈಗಿನ ವೇಳಾಪಟ್ಟಿಯಲ್ಲಿ ಆ ಸಂಸ್ಥೆ ತೋರಿಸಿರುವ ಒಟ್ಟು ಗಂಟೆಗಳನ್ನೂ, ನಡುವೆ ಎಲ್ಲಿಯಾದರೂ ಇಳಿಯುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಮುಂದಿನ ವಿಮಾನ ಹಿಡಿಯುವುದಿದ್ದರೆ ನಡುವೆ ಮೂರು ಗಂಟೆಗೆ ಕಡಿಮೆಯಿಲ್ಲದಂತೆ ಬಿಡುವು ಇಟ್ಟುಕೊಳ್ಳಿ.